ದಿವಂಗತ ಶ್ರೀ ಡಿ. ದೇವರಾಜ ಅರಸುರವರ ಜೀವನ ಹಾಗೂ ಸಾಧನೆ

ರಾಜ್ಯದ ಮುಖ್ಯಮಂತ್ರಿಗಳಾಗಿ ಎರಡು ಅವಧಿಗೆ ಸೇವೆ ಸಲ್ಲಿಸಿದ ದಿವಂಗತ ಶ್ರೀ ಡಿ. ದೇವರಾಜ ಅರಸುರವರು ದಿನಾಂಕ 20-08-1915ರಂದು ಜನಿಸಿದರು. ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಇವರ ಊರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿದ ನಂತರ ಊರಿಗೆ ಮರಳಿ ಬೇಸಾಯದಲ್ಲಿ ತೊಡಗಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ, 1952ರಲ್ಲಿ ಹುಣಸೂರು ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು.

ಹಿನ್ನೆಲೆ

ವಿಶ್ವಸಂಸ್ಥೆಯು ದಿನಾಂಕ 10-12-1948ರಂದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು 17ನೇ ಅನುಚ್ಛೇದದ ಮೂಲಕ ಅಸ್ಪೃಶ್ಯತೆಯನ್ನೂ, 23ನೇ ಅನುಚ್ಛೇದದ ಮೂಲಕ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಆದರೆ ಮದುವೆಗೋ ಕಾಯಿಲೆಗೋ ಪಡೆದ ಅಲ್ಪ ಸಾಲಕ್ಕಾಗಿ ಧಣಿಯ ಮನೆಯಲ್ಲಿ ಜೀತಕ್ಕಿರುವ ಪದ್ಧತಿ ಗ್ರಾಮಗಳಲ್ಲಿ ಮುಂದುವರಿದಿತ್ತು. ತಂದೆಯ ಸಾಲಕ್ಕೆ ಮಗ ದುಡಿಯಬೇಕಾದ ಪ್ರಸಂಗಗಳೂ ಇದ್ದವು. ಸಂವಿಧಾನದತ್ತ ಹಕ್ಕು ಇಂತಹ ಕುಟುಂಬಗಳಿಗೆ ತಲುಪಬೇಕಾದರೆ ಮೊದಲು ಸಾಲ ಹರಿಯಬೇಕಾಗಿತ್ತು, ಭೂಮಿ ದೊರೆಯಬೇಕಾಗಿತ್ತು.

ಪ್ರಮುಖ ಕ್ರಮಗಳು

1972ರ ಮಾರ್ಚ್‌ನಲ್ಲಿ ಶ್ರೀ ಅರಸುರವರು ಮುಖ್ಯಮಂತ್ರಿಗಳಾದರು. ದಿನಾಂಕ 01-11-1973ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಇವರ ಆಡಳಿತಾವಧಿಯಲ್ಲಿಯೇ.

ತಿದ್ದುಪಡಿಯಾದ ಭೂ ಸುಧಾರಣಾ ಕಾಯ್ದೆಯನ್ವಯ ದಿನಾಂಕ 01-03-1974ರಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ನಿಹಿತವಾದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕು ಪಡೆಯಲು ಅವಕಾಶ ಕಲ್ಪಿಸಲಾಯಿತು. ಅರ್ಜಿಗಳ ವಿಚಾರಣೆಗೆ ಭೂ ನ್ಯಾಯಮಂಡಳಿಗಳನ್ನು ರಚಿಸಲಾಯಿತು. ಮಂಡಳಿಯ ಮುಂದೆ ವಕೀಲರು ಹಾಜರಾಗಲು ಆಗ ಅವಕಾಶವಿರಲಿಲ್ಲ. ಇದರಿಂದ ಓದು ಬರಹ ತಿಳಿಯದ ರೈತನೂ ತನ್ನ ಮಾತನ್ನು ತಾನೇ ಹೇಳಿಕೊಳ್ಳಬಹುದಾಗಿತ್ತು. ಸಲ್ಲಿಕೆಯಾದ ಅರ್ಜಿಗಳ ಸಂಖ್ಯೆ 8 ಲಕ್ಷವನ್ನು ಮೀರಿತು.

ಗೇಣಿ ಪದ್ಧತಿ ವ್ಯಾಪಕವಾಗಿದ್ದ ಕರಾವಳಿಯಲ್ಲಿ ಈ ಕಾಯ್ದೆಯ ಪ್ರಯೋಜನ ಹೆಚ್ಚಾಗಿ ಕಂಡುಬಂದಿತು. ಹುಣಸೂರು, ಬೆಟ್ಟದಪುರ ಮೊದಲಾದ ಊರುಗಳನ್ನೊಳಗೊಂಡ ಹಳೇ ಮೈಸೂರು ಸೀಮೆಯಲ್ಲಿ ಗೇಣಿ ಅಷ್ಟಾಗಿ ಇರಲಿಲ್ಲ; ಇಲ್ಲಿನ ಬಡವರಿಗೆ ಋಣ ಪರಿಹಾರವೇ ಮುಖ್ಯವಾಗಿತ್ತು. ಕೇಂದ್ರದ ಜೀತ ಪದ್ಧತಿ ರದ್ಧತಿ ಕಾಯ್ದೆ ಹಾಗೂ ರಾಜ್ಯದ ಋಣ ಪರಿಹಾರ ಕಾಯ್ದೆ ಎರಡೂ 1976ರಲ್ಲಿ ಬಂದವು. ಇವರ ಸಂಪುಟದಲ್ಲಿದ್ದ ಶ್ರೀ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು ಕ್ರಮ ಕೈಗೊಂಡರು.

1972ರಲ್ಲಿ ಶ್ರೀ ಎಲ್.ಜಿ. ಹಾವನೂರರವರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಲಾಯಿತು. ಆಯೋಗವು 1975ರಲ್ಲಿ ವರದಿ ನೀಡಿತು. 1977ರಲ್ಲಿ ಮೀಸಲಾತಿ ಆದೇಶ ಹೊರಡಿಸಲಾಯಿತು. ಸಂಖ್ಯೆಯಲ್ಲಿ ಸಣ್ಣದಾದ ಅರಸು ಸಮುದಾಯದಿಂದ ಬಂದ ಇವರು, ಶಾಸನ ಸಭೆಯ ಮೆಟ್ಟಿಲನ್ನೇ ಏರದಿದ್ದ ಹಲವು ಸಮುದಾಯಗಳ ಯುವಕರಿಗೆ ರಾಜಕೀಯದಲ್ಲಿ ಅವಕಾಶ ನೀಡಿದರು.

ಇದೇ ಅವಧಿಯಲ್ಲಿ, 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ, ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ವಿರೋಧ ಪಕ್ಷದ ಅನೇಕರು ರಾಜ್ಯದ ಸೆರೆಮನೆಗಳಲ್ಲಿದ್ದರು. ಬಡವರಿಗೆ ಭೂಮಿಯ ಹಕ್ಕು ದೊರೆತ ವರ್ಷಗಳಲ್ಲಿಯೇ ಪೌರ ಹಕ್ಕುಗಳು ಮೊಟಕಾಗಿದ್ದವೆಂಬುದೂ ಆ ಕಾಲದ ಇತಿಹಾಸದ ಭಾಗವಾಗಿದೆ.

ಕೊನೆಯ ದಿನಗಳು

1978ರ ಚುನಾವಣೆಯ ನಂತರ ಮತ್ತೆ ಮುಖ್ಯಮಂತ್ರಿಗಳಾದ ಇವರು 1980ರ ಜನವರಿಯಲ್ಲಿ ಅಧಿಕಾರದಿಂದ ನಿರ್ಗಮಿಸಿದರು. ದಿನಾಂಕ 06-06-1982ರಂದು ನಿಧನರಾದರು. ಹಿಂದುಳಿದ ವರ್ಗಗಳ ಜನರಿಗೆ ಸಾಲ ಸೌಲಭ್ಯ ಒದಗಿಸಲು 1977ರಲ್ಲಿ ಸ್ಥಾಪನೆಯಾದ ನಿಗಮಕ್ಕೆ ತರುವಾಯ ಇವರ ಹೆಸರನ್ನೇ ಇಡಲಾಗಿದೆ. ಸಾಲಕ್ಕಾಗಿ ಧಣಿಯ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ ಕುಟುಂಬದವರು ಇಂದು ಹಕ್ಕಿನಿಂದ ಸರ್ಕಾರಿ ಕಛೇರಿಗೆ ಬಂದು ಅರ್ಜಿ ಸಲ್ಲಿಸುವಂತಾಗಿರುವುದರಲ್ಲಿ ಶ್ರೀ ಅರಸುರವರ ಪಾತ್ರ ದೊಡ್ಡದು.