ಮೂಲಪ್ರತಿಗೆ ನಿಷ್ಠರಾದ ಯೋಹಾನೆಸ್ ಬ್ರಾಮ್ಸ್

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕೃತಿಯು ಮುಖ್ಯವಾಗಿ ಸ್ವರಲಿಪಿಯ ಮೂಲಕವೇ ವಾದಕರನ್ನು ತಲುಪುತ್ತದೆ. ಅಚ್ಚಿನಲ್ಲಿ ಒಂದು ಸ್ವರ ತಪ್ಪಿದರೆ ಆ ತಪ್ಪು ತಲೆಮಾರುಗಳವರೆಗೆ ನುಡಿಯುತ್ತಲೇ ಇರುತ್ತದೆ. ಆದ್ದರಿಂದ ಮುದ್ರಿತ ಪ್ರತಿಯನ್ನು ರಚನಕಾರರ ಹಸ್ತಪ್ರತಿಯೊಡನೆ ತಾಳೆ ನೋಡುವ ಕಾರ್ಯವು ಅತ್ಯಂತ ಹೊಣೆಗಾರಿಕೆಯದು. ಸ್ವತಃ ಮಹಾನ್ ರಚನಕಾರರಾಗಿದ್ದೂ ಈ ಶ್ರಮದ ಕೆಲಸವನ್ನು ಶ್ರದ್ಧೆಯಿಂದ ಮಾಡಿದವರು ಯೋಹಾನೆಸ್ ಬ್ರಾಮ್ಸ್.

ಬ್ರಾಮ್ಸರು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 1833ರ ಮೇ 7ರಂದು ಜನಿಸಿದರು. ತಂದೆ ವಾದ್ಯಗಾರರು, ಮನೆಯಲ್ಲಿ ಸಿರಿತನವಿರಲಿಲ್ಲ. 1853ರಲ್ಲಿ ಹಿರಿಯ ಸಂಗೀತಗಾರ ರಾಬರ್ಟ್ ಶೂಮನ್ ಹಾಗೂ ಅವರ ಪತ್ನಿ, ಪ್ರಸಿದ್ಧ ಪಿಯಾನೋ ವಾದಕಿ ಕ್ಲಾರಾ ಅವರ ಪರಿಚಯವಾಯಿತು. ಶೂಮನ್ನರು ಈ ತರುಣನ ಪ್ರತಿಭೆಯನ್ನು ಲೇಖನದ ಮೂಲಕ ಲೋಕಕ್ಕೆ ಸಾರಿದರು. 1856ರಲ್ಲಿ ಅವರು ತೀರಿಕೊಂಡ ಬಳಿಕವೂ ಆ ಕುಟುಂಬದೊಡನೆ ಬ್ರಾಮ್ಸರ ಸ್ನೇಹ ಉಳಿಯಿತು. ಮುಂದೆ ಅವರು ವಿಯೆನ್ನಾದಲ್ಲಿ ನೆಲೆಸಿದರು. ಹಿಂದಿನ ಮಹನೀಯರ ಹಸ್ತಪ್ರತಿಗಳನ್ನು ಸಂಗ್ರಹಿಸುವುದು ಅವರಿಗೆ ಬಲು ಪ್ರಿಯವಾಗಿತ್ತು. ಮೊಟ್ಸಾರ್ಟರ ಜಿ ಮೈನರ್ ಸಿಂಫನಿಯ ಹಸ್ತಪ್ರತಿಯೇ ಅವರ ಬಳಿ ಇತ್ತು.

ಮೊಟ್ಸಾರ್ಟರು 1791ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಮೃತರ ಶಾಂತಿಗಾಗಿ ಹಾಡುವ ‘ರೆಕ್ವಿಯಂ’ ಎಂಬ ಕೃತಿಯನ್ನು ಅಪೂರ್ಣವಾಗಿ ಬಿಟ್ಟು ಅಗಲಿದರು. ಅದನ್ನು ಪೂರ್ತಿಗೊಳಿಸಿದವರು ಅವರ ಆಪ್ತ ವಲಯದ ಜ್ಯೂಸ್‌ಮೈಯರ್. ಇವರ ಬರವಣಿಗೆ ಮೊಟ್ಸಾರ್ಟರದನ್ನೇ ಹೋಲುತ್ತಿದ್ದುದರಿಂದ ಯಾವ ಭಾಗ ಯಾರದೆಂಬ ವಿವಾದ ದೀರ್ಘಕಾಲ ನಡೆಯಿತು. ಲೈಪ್ಜಿಗ್‌ನ ಬ್ರೈಟ್‌ಕಾಫ್ ಪ್ರಕಾಶನವು ಮೊಟ್ಸಾರ್ಟರ ಸಮಗ್ರ ಕೃತಿಗಳನ್ನು ಹೊರತರುವಾಗ ಈ ಕೃತಿಯ ಸಂಪಾದನೆಯನ್ನು ಬ್ರಾಮ್ಸರಿಗೆ ವಹಿಸಿತು. ಅವರು ವಿಯೆನ್ನಾದ ಆಸ್ಥಾನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ಆಧರಿಸಿ, ಮೊಟ್ಸಾರ್ಟರ ಅಂಶಗಳಿಗೆ ‘ಎಂ’ ಎಂದೂ ಜ್ಯೂಸ್‌ಮೈಯರರ ಅಂಶಗಳಿಗೆ ‘ಎಸ್’ ಎಂದೂ ಗುರುತು ಹಾಕಿ 1877ರಲ್ಲಿ ಪ್ರಕಟಿಸಿದರು. ತಮ್ಮದೇನನ್ನೂ ಬೆರೆಸದೆ, ಒಬ್ಬರದು ಇನ್ನೊಬ್ಬರ ಹೆಸರಿಗೆ ಸಲ್ಲದಂತೆ ಎಚ್ಚರ ವಹಿಸಿದರು.

ಇನ್ನೊಂದು ಸಂದರ್ಭದಲ್ಲಿ ಈ ನಿಷ್ಠೆಗೆ ಬೆಲೆ ತೆರಬೇಕಾಯಿತು. ಶೂಮನ್ನರು 1841ರಲ್ಲಿ ಡಿ ಮೈನರ್ ಸಿಂಫನಿಯನ್ನು ರಚಿಸಿ, 1851ರಲ್ಲಿ ಪರಿಷ್ಕರಿಸಿದ್ದರು; ಅಚ್ಚಾದದ್ದು ಪರಿಷ್ಕೃತ ರೂಪ ಮಾತ್ರ. ಮೂಲರೂಪವೇ ಹೆಚ್ಚು ಸಹಜವಾದುದೆಂದು ಬ್ರಾಮ್ಸರು ನಂಬಿದ್ದರು. ಪತಿಯ ಕೊನೆಯ ನಿರ್ಣಯವೇ ಪ್ರಮಾಣವೆಂಬುದು ಕ್ಲಾರಾ ಅವರ ನಿಲುವು. ಅವರ ಇಚ್ಛೆಗೆ ವಿರುದ್ಧವಾಗಿ ಬ್ರಾಮ್ಸರು 1891ರಲ್ಲಿ ಫ್ರಾನ್ಸ್ ವ್ಯುಲ್ನರ್ ಅವರ ಮೂಲಕ ಮೂಲರೂಪವನ್ನು ಪ್ರಕಟಗೊಳಿಸಿದರು. ಸುಮಾರು ನಾಲ್ಕು ದಶಕಗಳ ಸ್ನೇಹದಲ್ಲಿ ಬಿರುಕು ಮೂಡಿತು. ಮರುವರ್ಷ ಕ್ಲಾರಾ ಅವರ ಜನ್ಮದಿನಕ್ಕೆ ಬ್ರಾಮ್ಸರೇ ನೊಂದ ಮನಸ್ಸಿನಿಂದ ಪತ್ರ ಬರೆದರು. ಕ್ರಮೇಣ ಮನಸ್ತಾಪ ಅಳಿಯಿತು. ಎರಡೂ ರೂಪಗಳು ಇಂದಿಗೂ ನುಡಿಸಲ್ಪಡುತ್ತಿವೆ.

ತಮ್ಮ ಕೃತಿಗಳ ವಿಷಯದಲ್ಲಿಯೂ ಅವರು ಅಷ್ಟೇ ನಿಷ್ಠುರರು. ತೃಪ್ತಿ ನೀಡದ ಅನೇಕ ರಚನೆಗಳನ್ನು ತಾವೇ ನಾಶಪಡಿಸಿದರು. ಅಚ್ಚಾದ ಪುಸ್ತಕಗಳಲ್ಲಿ ತಮ್ಮ ಕೈಯಿಂದಲೇ ತಿದ್ದುಪಡಿಗಳನ್ನು ಗುರುತಿಸಿಟ್ಟರು.

ಕ್ಲಾರಾ ಅವರು 1896ರಲ್ಲಿ ಅಗಲಿದರು. 1897ರ ಏಪ್ರಿಲ್ 3ರಂದು ಬ್ರಾಮ್ಸರೂ ವಿಯೆನ್ನಾದಲ್ಲಿ ಕೊನೆಯುಸಿರೆಳೆದರು. ಅವರ ಸಂಗ್ರಹವು ಅಲ್ಲಿನ ಸಂಗೀತಪ್ರಿಯರ ಸಂಘಕ್ಕೆ ಸೇರಿತು. ಮುಂದೆ ಮಾಂಡಿಚೆವ್‌ಸ್ಕಿ ಮತ್ತು ಹಾನ್ಸ್ ಗಾಲ್ ಅವರು ಬ್ರಾಮ್ಸರ ಸಮಗ್ರ ಕೃತಿಗಳನ್ನು 26 ಸಂಪುಟಗಳಲ್ಲಿ ಸಂಪಾದಿಸಿದಾಗ, ಬ್ರಾಮ್ಸರು ತಿದ್ದಿಟ್ಟಿದ್ದ ಆ ಪುಸ್ತಕಗಳೇ ಆಧಾರವಾದವು. ಹಿರಿಯರ ಕೃತಿಗಳಿಗೆ ಅವರು ಸಲ್ಲಿಸಿದ ಸೇವೆ ಹೀಗೆ ಅವರ ಕೃತಿಗಳಿಗೂ ಸಂದಿತು.