ಬಾಣಲೆಯಲ್ಲಿ ಬೆಳಕು ಒಯ್ದ ಜೇಕಬ್ ರೀಸ್

ಫ್ಲ್ಯಾಷ್ ಹಾಕಿ ಫೋಟೊ ತೆಗೆದರೆ ಹತ್ತಿರ ಇದ್ದವರ ಮುಖ ಸುಣ್ಣ ಬಳಿದಂತೆ ಕಾಣುತ್ತದೆ, ಹಿಂದೆ ಇದ್ದವರು ಕತ್ತಲಲ್ಲೇ ಉಳಿಯುತ್ತಾರೆ. ದೂರ ಎರಡು ಪಟ್ಟಾದರೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುವುದೇ ಇದಕ್ಕೆ ಕಾರಣ. ನಮ್ಮ ಸಣ್ಣ ಡಿಜಿಟಲ್ ಕ್ಯಾಮೆರಾ ಬೇಕಾದ ಬೆಳಕನ್ನು ತಾನೇ ಅಳೆದುಕೊಳ್ಳುತ್ತದೆ. ಜೇಕಬ್ ರೀಸ್ ಅವರ ಕಾಲದಲ್ಲಿ ಅಳೆಯುವುದು ಹಾಗಿರಲಿ, ಫ್ಲ್ಯಾಷ್ ಎಂದರೆ ನಿಜವಾದ ಬೆಂಕಿಯೇ.

ರೀಸ್ 1849ರಲ್ಲಿ ಡೆನ್ಮಾರ್ಕಿನ ರೀಬೆ ಎಂಬ ಊರಿನಲ್ಲಿ ಹುಟ್ಟಿದರು. ಬಡಗಿ ಕೆಲಸ ಕಲಿತು 1870ರಲ್ಲಿ ಅಮೆರಿಕಕ್ಕೆ ಹೋದರು. ಕೆಲಸ ಸಿಗದೆ ಅಲೆದರು. ಮನೆಯಿಲ್ಲದವರಿಗಾಗಿ ನ್ಯೂಯಾರ್ಕಿನ ಪೊಲೀಸ್ ಠಾಣೆಗಳಲ್ಲಿದ್ದ ಕೋಣೆಯಲ್ಲಿ ಒಂದು ರಾತ್ರಿ ಮಲಗಿದಾಗ ಅವರ ಚಿನ್ನದ ಲಾಕೆಟ್ ಕಳುವಾಯಿತು. ದೂರಿದ್ದಕ್ಕೆ ಅವರನ್ನೇ ಹೊರಗೆ ದಬ್ಬಿ, ಜೊತೆಗಿದ್ದ ನಾಯಿಯನ್ನೂ ಕೊಂದರು. 1877ರಲ್ಲಿ ಅವರು ಪೊಲೀಸ್ ಸುದ್ದಿಯ ವರದಿಗಾರರಾದರು. ರಾತ್ರಿ ಮಲ್ಬರಿ ಬೀದಿಯ ಕೊಳೆಗೇರಿಗಳನ್ನು ಸುತ್ತಿ ಬರೆದರು. ಓದಿದವರು ಯಾರೂ ಅಲುಗಲಿಲ್ಲ. ತೋರಿಸೋಣವೆಂದರೆ ಆ ಕೋಣೆಗಳಲ್ಲಿ ಬೆಳಕೇ ಇಲ್ಲ.

1887ರಲ್ಲಿ ಜರ್ಮನಿಯಲ್ಲಿ ಒಂದು ಪುಡಿ ಕಂಡುಹಿಡಿದರು. ಮೆಗ್ನೀಸಿಯಮ್, ಪೊಟ್ಯಾಸಿಯಮ್ ಕ್ಲೋರೇಟ್, ಆಂಟಿಮನಿ ಸಲ್ಫೈಡ್ ಸೇರಿಸಿದ್ದು. ಕಿಡಿ ತಾಗಿದರೆ ಕ್ಷಣದಲ್ಲಿ ಉರಿದುಹೋಗುತ್ತಿತ್ತು. ಸುದ್ದಿ ಓದಿದ ರೀಸ್ ಹವ್ಯಾಸಿ ಛಾಯಾಗ್ರಾಹಕರನ್ನು ಕರೆದುಕೊಂಡು ಹೊರಟರು. ಮೊದಮೊದಲು ಪುಡಿಯನ್ನು ಪಿಸ್ತೂಲಿನಿಂದ ಸಿಡಿಸುತ್ತಿದ್ದರು. ನಡುರಾತ್ರಿ ಪಿಸ್ತೂಲು ಹಿಡಿದು ನುಗ್ಗಿದರೆ ಜನ ಕಿಟಕಿ ಹಾರಿ ಓಡದೆ ಇರುತ್ತಾರೆಯೇ? ಆಮೇಲೆ ಪಿಸ್ತೂಲು ಬಿಟ್ಟು ಬಾಣಲೆ ಹಿಡಿದರು. ಅದೂ ಸುಲಭವಾಗಿರಲಿಲ್ಲ. ಒಮ್ಮೆ ಕುರುಡರು ವಾಸವಿದ್ದ ಕೋಣೆಯ ಗೋಡೆಗೆ ಬೆಂಕಿ ಹತ್ತಿತು. ರೀಸ್ ಒಬ್ಬರೇ ಆರಿಸಿದರು. ಇನ್ನೊಮ್ಮೆ ಪುಡಿ ಮುಖಕ್ಕೇ ಸಿಡಿದಾಗ ಕನ್ನಡಕದಿಂದ ಕಣ್ಣು ಉಳಿಯಿತು.

ಅವರ ಚಿತ್ರಗಳಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ಬೇಯಾರ್ಡ್ ಬೀದಿಯದು. ಹದಿಮೂರು ಅಡಿಯೂ ಇಲ್ಲದ ಕೋಣೆ, ಹನ್ನೆರಡು ಜನ, ತಲೆಗೆ 5 ಸೆಂಟು. ಕಾಮರ್ಸ್ ಓದುವವನಾದ್ದರಿಂದ ಲೆಕ್ಕ ಹಾಕಿದೆ. ರಾತ್ರಿಗೆ 60 ಸೆಂಟು, ಮೂವತ್ತು ದಿನಕ್ಕೆ 18 ಡಾಲರ್. ರೀಸ್ ಕೊಂಡ ಕ್ಯಾಮೆರಾದ ಬೆಲೆ 25 ಡಾಲರ್. ಚಿತ್ರದಲ್ಲಿರುವವರು ಅರೆನಿದ್ದೆಯಲ್ಲಿ ಬೆಳಕಿನ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾರೆ. ಚಿತ್ರ ತೆಗೆಯಲೇ ಎಂದು ಅವರನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ನನಗೆ ಇದು ಸರಿ ಅನಿಸುವುದಿಲ್ಲ. ಆದರೆ ಕೇಳಿ ಕಾಯುತ್ತ ಕುಳಿತಿದ್ದರೆ ಆ ಕೋಣೆಯನ್ನು ನಾವು ನೋಡುತ್ತಿರಲಿಲ್ಲ ಎಂಬುದೂ ನಿಜ.

1890ರಲ್ಲಿ ಪುಸ್ತಕ ಬಂತು. ಅದರಲ್ಲಿ ಯಹೂದಿ, ಚೀನೀ, ಇಟಾಲಿಯನ್ ಜನರನ್ನು ಒಂದೊಂದು ಅಚ್ಚಿಗೆ ಹಾಕಿ, ಇವರೆಲ್ಲ ಹೀಗೆಯೇ ಎಂದು ಬರೆದ ಪುಟಗಳಿವೆ. ತಾನೂ ವಲಸೆ ಬಂದವನೇ ಆಗಿ ಹೀಗೆ ಬರೆದದ್ದು ನನಗೆ ಚುಚ್ಚಿತು. ಇಡೀ ಸಮುದಾಯಕ್ಕೆ ಒಂದೇ ಹಣೆಪಟ್ಟಿ ಕಟ್ಟಿದರೆ ಹೇಗಿರುತ್ತದೆ ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಪುಸ್ತಕ ಓದಿ ಬಂದು ಸ್ನೇಹಿತರಾದವರು ಥಿಯೋಡರ್ ರೂಸ್‌ವೆಲ್ಟ್. 1895ರಲ್ಲಿ ಅವರು ನಗರದ ಪೊಲೀಸ್ ಮಂಡಳಿಯ ಅಧ್ಯಕ್ಷರಾದಾಗ ರೀಸ್ ಅವರನ್ನು ರಾತ್ರಿ ಸುತ್ತಾಡಿಸಿದರು. ಮರುವರ್ಷ ಠಾಣೆಗಳ ಆ ಮಲಗುವ ಕೋಣೆಗಳು ಮುಚ್ಚಿದವು. ಮಲ್ಬರಿ ಬೀದಿಯ ತಿರುವಿನ ಹಳೆಯ ಮನೆಗಳನ್ನು ಕೆಡವಿ 1897ರಲ್ಲಿ ಉದ್ಯಾನ ತೆರೆದರು.

ರೀಸ್ 1914ರಲ್ಲಿ ತೀರಿಕೊಂಡರು. ಅವರ ಗಾಜಿನ ನೆಗೆಟಿವ್‌ಗಳು ವರ್ಷಗಟ್ಟಲೆ ಅವರ ಹಳೆಯ ಮನೆಯ ಅಟ್ಟದಲ್ಲಿ ಬಿದ್ದಿದ್ದು, 1946ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಸೇರಿದವು.