ಒಂದೇ ಮನೆ, ಎರಡು ಲೆಕ್ಕ

ಗಾಂಧೀಜಿಯವರು 1910ರಲ್ಲಿ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಬಳಿ ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ಕಟ್ಟಿದ ನೆಲೆಗೆ ಟಾಲ್‌ಸ್ಟಾಯ್ ಫಾರ್ಮ್ ಎಂದು ಹೆಸರಿಡಲಾಯಿತು. ಸರಳ ಜೀವನದಲ್ಲಿ ಅವರಿಗೆ ಗುರುವಿನಂತಿದ್ದ ಲಿಯೋ ಟಾಲ್‌ಸ್ಟಾಯ್ ಅದೇ ವರ್ಷ ಮನೆ ಬಿಟ್ಟು ಹೊರಟು ದಾರಿಯಲ್ಲೇ ತೀರಿಕೊಂಡರು. ಆ ಮನೆಯನ್ನು ಒಡೆದದ್ದರಲ್ಲಿ ಹಣದ ಪಾಲು ದೊಡ್ಡದು. ಹಣವಿಲ್ಲದೆ ಒಡೆದ ಮನೆ ಮಾತ್ರ ಅದಲ್ಲ.

ಟಾಲ್‌ಸ್ಟಾಯ್ 1828ರಲ್ಲಿ ರಷ್ಯಾದ ಯಾಸ್ನಾಯಾ ಪೊಲ್ಯಾನಾ ಎಂಬಲ್ಲಿ ಸಿರಿವಂತ ಜಮೀನುದಾರರ ಮನೆತನದಲ್ಲಿ ಜನಿಸಿದರು. ಯೌವನದಲ್ಲಿ ಜೂಜಾಡಿ ಸಾಲಗಾರರಾದರು. ತಾವು ಹುಟ್ಟಿದ ಮನೆಯನ್ನೂ ಮಾರಿದರು. ಮುಂದೆ 1859ರಲ್ಲಿ ಅದೇ ಊರಿನಲ್ಲಿ ರೈತರ ಮಕ್ಕಳಿಗೆ ಶಾಲೆ ತೆರೆದು ತಾವೇ ಪಾಠ ಹೇಳಿದರು.

1862ರಲ್ಲಿ ಅವರು 18 ವರ್ಷದ ಸೋಫಿಯಾರನ್ನು ವರಿಸಿದರು. ‘ಯುದ್ಧ ಮತ್ತು ಶಾಂತಿ’ ಕಾದಂಬರಿಯ ಕರಡುಗಳನ್ನು ಆಕೆ ಮತ್ತೆ ಮತ್ತೆ ನಕಲು ಮಾಡಿಕೊಟ್ಟರು. 13 ಮಕ್ಕಳ ತಾಯಿಯಾದರು. ಅವರಲ್ಲಿ ಐವರು ಎಳವೆಯಲ್ಲೇ ತೀರಿಹೋದರು.

ಐವತ್ತರ ಪ್ರಾಯದ ಹೊತ್ತಿಗೆ ಟಾಲ್‌ಸ್ಟಾಯ್ ಅವರ ಮನಸ್ಸು ತಿರುಗಿತು. ಬಡವರ ನಡುವೆ ಆಸ್ತಿ ಇಟ್ಟುಕೊಳ್ಳುವುದೇ ತಪ್ಪೆಂದು ಅವರಿಗೆ ಅನ್ನಿಸಿತು. ರೈತರ ಉಡುಪು ತೊಟ್ಟರು, ನೇಗಿಲು ಹಿಡಿದರು, ಬೂಟು ಹೊಲಿಯುವುದನ್ನು ಕಲಿತರು. 1881ರ ನಂತರದ ಬರಹಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದೆಂದು 1891ರಲ್ಲಿ ಸಾರಿದರು. ಮರುವರ್ಷ ಆಸ್ತಿಯನ್ನು ಹೆಂಡತಿ ಮಕ್ಕಳಿಗೆ ಹಂಚಿ ಕೈತೊಳೆದುಕೊಂಡರು. ಆದರೆ ಸಂಸಾರ ತೂಗಿಸುವ ಹೊಣೆ ಸೋಫಿಯಾರ ಮೇಲೆ ಉಳಿಯಿತು. ಪತಿಗೆ ತ್ಯಾಗವಾಗಿ ಕಂಡದ್ದು ಆಕೆಗೆ ಮಕ್ಕಳ ತಟ್ಟೆಗೆ ಕೈಹಾಕಿದಂತೆ ಕಂಡಿತು.

ಇದೇ ದಂಪತಿ ಹಣದ ವಿಷಯದಲ್ಲಿ ಒಂದಾದದ್ದೂ ಉಂಟು. 1891-92ರ ಭೀಕರ ಬರಗಾಲದಲ್ಲಿ ಟಾಲ್‌ಸ್ಟಾಯ್ ಹಳ್ಳಿಗಳಲ್ಲಿ ಗಂಜಿಕೇಂದ್ರಗಳನ್ನು ತೆರೆದರು. ಸೋಫಿಯಾ ಪತ್ರಿಕೆಯಲ್ಲಿ ಬಹಿರಂಗ ಮನವಿ ಮಾಡಿ ನೆರವು ಕೂಡಿಸಿದರು. ಆಗ ಹಣ ಎಲ್ಲರ ಕಣ್ಣೆದುರಿಗಿತ್ತು. ಅದು ಯಾರಿಗೆ, ಏತಕ್ಕೆ ಎಂಬುದರಲ್ಲಿ ಇಬ್ಬರದೂ ಒಂದೇ ಮಾತು.

1910ರ ಬೇಸಗೆಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ತಮ್ಮ ಎಲ್ಲ ಬರಹಗಳ ಹಕ್ಕನ್ನು ಕಿರಿಯ ಮಗಳು ಅಲೆಕ್ಸಾಂಡ್ರಾಗೆ ಬರೆದ ಉಯಿಲಿಗೆ ಟಾಲ್‌ಸ್ಟಾಯ್ ಕಾಡಿನಲ್ಲಿ ಗುಟ್ಟಾಗಿ ಸಹಿ ಹಾಕಿದರು. ಆ ಹಕ್ಕು ಲೋಕಕ್ಕೆ ಸೇರಲಿ ಎಂಬುದೇ ಅವರ ಉದ್ದೇಶವಾಗಿತ್ತು. ಆದರೆ ಗುಟ್ಟು ಸಂಶಯವನ್ನು ಹುಟ್ಟಿಸಿತು. ಸೋಫಿಯಾ ಪತಿಯ ಕಾಗದಪತ್ರಗಳನ್ನು ಹುಡುಕತೊಡಗಿದರು. ಒಂದು ರಾತ್ರಿ ಆ ಸಪ್ಪಳ ಕೇಳಿ ಎದ್ದ 82ರ ವೃದ್ಧರು ಬೆಳಗಾಗುವ ಮೊದಲೇ ಮನೆ ಬಿಟ್ಟರು. ರೈಲು ಪ್ರಯಾಣದಲ್ಲಿ ಜ್ವರ ಬಂದು ಅಸ್ತಾಪೊವೊ ನಿಲ್ದಾಣದಲ್ಲಿ ಇಳಿದರು. ಸ್ಟೇಷನ್ ಮಾಸ್ಟರ್ ಮನೆಯಲ್ಲಿ ಕೊನೆಯುಸಿರೆಳೆದರು. ಧಾವಿಸಿ ಬಂದ ಸೋಫಿಯಾರನ್ನು ಒಳಗೆ ಬಿಟ್ಟದ್ದು ಪ್ರಜ್ಞೆ ತಪ್ಪಿದ ಮೇಲೆ. 48 ವರ್ಷದ ದಾಂಪತ್ಯಕ್ಕೆ ಒಂದು ಕೊನೆಯ ಮಾತೂ ದಕ್ಕಲಿಲ್ಲ.

ಮುಂದೆ ಅಲೆಕ್ಸಾಂಡ್ರಾ ತಂದೆಯ ಪುಸ್ತಕಗಳಿಂದ ಬಂದ ಹಣದಲ್ಲಿ ಭೂಮಿ ಕೊಂಡು ಊರಿನ ರೈತರಿಗೆ ಕೊಟ್ಟರು. ಟಾಲ್‌ಸ್ಟಾಯ್ ಅವರ ದಾನ ಸಾರ್ಥಕವಾಯಿತು. ಆದರೆ ಲೋಕಕ್ಕೆ ಕೊಡುವವನು ಮನೆಯವರೊಡನೆ ಮೊದಲು ಕುಳಿತು ಮಾತಾಡಬೇಕು. ಬರಗಾಲದ ವರ್ಷ ಅವರಿಬ್ಬರಿಗೂ ತಿಳಿದಿದ್ದ ಈ ಪಾಠ ಕೊನೆಯ ವರ್ಷದಲ್ಲಿ ಮರೆತುಹೋಗಿತ್ತು.